ನಿಲ್ಲಿಸಿಟ್ಟ ಆಟ

ಅಂಗಡಿಯ ಹಿಂದಿನ ಗೋಡೆ ಬೆಚ್ಚಗಾಗುತ್ತಿದೆ ಅನ್ನೋದು ಅಕ್ಕನಿಗೆ ಗೊತ್ತಿತ್ತು. ಬೆಳಿಗ್ಗೆ ಷಟರ್ ಎತ್ತಿ, ಕಸ ಗುಡಿಸಿ, ಸ್ಟೂಲು ಎಳೆದುಕೊಂಡು ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಹಿತವಾಗಿರುತ್ತಿತ್ತು. ಇದ್ಯಾಕಪ್ಪಾ ಗೋಡೆ ಬೆಚ್ಚಗಿದೆ ಅಂತ ಬೇರೆ ಯಾರಾದರೂ ಆಗಿದ್ದರೆ ಎದ್ದು ನೋಡುತ್ತಿದ್ದರು. ಅವಳು ನೋಡಲಿಲ್ಲ. ತಮ್ಮ ಹೋದ ಮೇಲೆ ಅವಳು ಯಾವುದನ್ನೂ ಯಾಕೆ ಅಂತ ಕೇಳಿಕೊಳ್ಳುವುದನ್ನೇ ಬಿಟ್ಟಿದ್ದಳು.

ಅಂಗಡಿ ಆ ತಮ್ಮನದು. ಬೀಗದ ಕೈ ಮಾಡುವವನಿಗೂ ಕನ್ನಡಕದ ಅಂಗಡಿಗೂ ನಡುವೆ, ಎದುರುಬದುರಾಗಿ ಇಬ್ಬರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು, ಅಷ್ಟಗಲ. ಅಲ್ಲಿ ಮಾರುವುದು ಹಳೇ ವಿಡಿಯೋ ಗೇಮುಗಳನ್ನು. ಟೀವಿಗೆ ಸಿಕ್ಕಿಸಿ ಆಡುವ ಮಷೀನುಗಳು, ಅವುಗಳ ಬಾಯಿಗೆ ತುರುಕುವ ಅಂಗೈಯಗಲದ ಕ್ಯಾಸೆಟ್ಟುಗಳು, ವೈರು ಸುತ್ತಿಟ್ಟ ಜಾಯ್‌ಸ್ಟಿಕ್ಕುಗಳು, ಇಬ್ಬರು ಹಿಡಿದರೂ ಸೊಂಟ ಹಿಡಿದುಕೊಳ್ಳುವಷ್ಟು ಭಾರದ ದಪ್ಪ ಟೀವಿಗಳು. ಜನ ಬೀದಿಗೆ ಎಸೆದದ್ದನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟು ದುಡ್ಡು ಕೇಳುವ ಅಂಗಡಿಯನ್ನು ಯಾರಾದರೂ ತೆರೆಯುತ್ತಾರೇನ್ರೀ? ಅವನು ತೆರೆದ. ‘ಗುಜರಿಗೆ ಬೋರ್ಡು ಹಾಕಿದೀಯ’ ಅಂತ ಅಕ್ಕನೇ ಮೂಗು ಮುರಿದಿದ್ದಳು. ಆಯುಷ್ಯವೆಲ್ಲ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಿಸಿದವಳು ಅವಳು. ಈಗ ಆ ಗುಜರಿಯ ಹಿಂದೆ ತಾನೇ ನಿಂತಿದ್ದಳು.

ತಮ್ಮ ಹೋದದ್ದು ಗಡಿಬಿಡಿಯೇ ಇಲ್ಲದೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ತನ್ನ ಪ್ರೀತಿಯ ಆಟ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಕಂಡಕ್ಟರ್ ಇದ್ದ. ಬಸ್ಸಿನ ಕಂಡಕ್ಟರ್, ತಮ್ಮನ ಹಳೇ ಗೆಳೆಯ. ವಾರದ ರಜೆಗೆ ಬಂದು ಸಂಜೆವರೆಗೂ ಆಡಿ, ಒಂದು ಸ್ಕ್ರೂ ಕೂಡ ಕೊಳ್ಳದೆ ಎದ್ದು ಹೋಗುವುದರಲ್ಲಿ ಅವನದು ಎತ್ತಿದ ಕೈ. ತಮ್ಮ ಆಟವನ್ನು ತಟ್ಟನೆ ಪಾಜ್ ಒತ್ತಿ ನಿಲ್ಲಿಸಿ, ‘ಎದೆ ಯಾಕೋ ಹಿಡ್ಕೊಂಡ ಹಾಗಿದೆ ಕಣೋ, ತೋರಿಸ್ಕೊಂಡು ಬರ್ತೀನಿ. ಇದನ್ನ ಆಫ್ ಮಾಡ್ಬೇಡ, ಬಂದು ಮುಗಿಸ್ತೀನಿ’ ಅಂದ. ತಾನೇ ನಡೆದು ಹೋಗಿ ಟ್ಯಾಕ್ಸಿ ಹತ್ತಿದ. ಬರಲಿಲ್ಲ.

ಈಗಿನ ಆಟಗಳು ಎಲ್ಲಿ ಬಿಟ್ಟಿರೋ ಅಲ್ಲಿಂದ ಶುರುವಾಗುತ್ತವಂತೆ. ಆ ಹಳೇ ಕ್ಯಾಸೆಟ್ಟಿಗೆ ಅಂಥ ನೆನಪು ಗಿನಪು ಏನೂ ಇಲ್ಲ. ಕರೆಂಟು ಇರುವವರೆಗೆ ಆಟ, ಹೋದರೆ ಎಲ್ಲ ಮೊದಲಿನಿಂದ. ಅದಕ್ಕೇ ಅಕ್ಕ ಆ ಮಷೀನನ್ನು ಆರಿಸಲೇ ಇಲ್ಲ. ಒಂದೇ ಚಿತ್ರ ನಿಂತರೆ ಗಾಜಿಗೆ ಅಂಟಿಕೊಳ್ಳುತ್ತದೆ ಅಂತ ಟೀವಿಯನ್ನು ಮಾತ್ರ ಕಂಡಕ್ಟರ್ ಅವತ್ತೇ ಆರಿಸಿದ್ದ. ಮಷೀನು ಉರಿಯುತ್ತಲೇ ಇತ್ತು. ಕೆಂಪು ದೀಪವೊಂದು, ಸಾಸಿವೆಯಷ್ಟು. ಕರೆಂಟು ಹೋದರೆ ಇರಲಿ ಅಂತ ತಮ್ಮ ಬದುಕಿದ್ದಾಗಲೇ ಇನ್ವರ್ಟರ್ ಹಾಕಿಸಿದ್ದರಿಂದ ಬೇಸಿಗೆಯೂ ದಾಟಿತು, ಮಳೆಗಾಲವೂ ದಾಟಿತು.

‘ಎಲ್ಲಿವರೆಗೆ ಆಡಿದ್ದ?’ ಅಂತ ಅವಳು ಕಂಡಕ್ಟರನ್ನು ಕೇಳಿದ್ದುಂಟು.

‘ಕೊನೇ ಹಂತ ಅಕ್ಕ.’

ಅಷ್ಟೇ ಅಂದಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು. ಹುಡುಗನಾಗಿದ್ದಾಗಿನಿಂದ ಅವನು ಆ ಆಟವನ್ನು ಒಂದು ಸಲವೂ ಗೆದ್ದಿರಲಿಲ್ಲ. ಕೊನೇ ಹಂತ ಅಂದ ಮೇಲೆ ಇನ್ನೇನು ಸ್ವಲ್ಪ ಉಳಿದಿದೆ, ಕೈ ಪಳಗಿದವರು ಯಾರಾದರೂ ಅಲ್ಲಿಂದ ಆಡಿ ಗೆದ್ದುಕೊಟ್ಟರೆ ಅವನ ಹೆಸರಲ್ಲಿ ಅದೊಂದು ಮುಗಿಯುತ್ತದೆ. ಆಮೇಲೆ ಬೇಕಾದರೆ ಆರಿಸೋಣ. ಹೀಗಂದುಕೊಂಡು ಕೂತಿದ್ದಳು. ‘ನೀನೇ ಆಡಿ ಮುಗಿಸೋ’ ಅಂದರೆ ಕಂಡಕ್ಟರ್ ಪ್ರತಿ ಸಲವೂ ಜಾರಿಕೊಳ್ಳುತ್ತಿದ್ದ. ‘ಇವತ್ತು ಕಣ್ಣುರಿ ಅಕ್ಕ’, ‘ಟಿಕೆಟ್ ಹರಿದು ಹರಿದು ಬೆರಳು ನೋಯ್ತಿದೆ ಅಕ್ಕ.’ ಟಿಕೆಟ್ಟನ್ನು ಈಗ ಮಷೀನು ಕೊಡುತ್ತದೆ, ಇವನು ಹರಿಯುವುದೇನು ಬಂತು! ಅವಳು ಅದನ್ನೂ ಕೇಳಲಿಲ್ಲ.

ಇದ್ದಕ್ಕಿದ್ದ ಹಾಗೆ ಅಂಗಡಿ ನಡೆಸುವುದು ಅಂದರೆ ಹುಡುಗಾಟವೇ? ಅವಳಿಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಯಾರಾದರೂ ಬಂದು ‘ಇದರ ಎರಡನೇ ಭಾಗ ಇದೆಯಾ?’ ಅಂದರೆ, ಬಾಯಿ ತಾನಾಗಿ ‘ಬೇರೆ ಬಣ್ಣದಲ್ಲಿ ತೋರಿಸ್ಲಾ?’ ಅಂದುಬಿಡುತ್ತಿತ್ತು. ಕ್ಯಾಸೆಟ್ಟಿನ ಹಿತ್ತಾಳೆ ಹಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸುವುದನ್ನು ಮಾತ್ರ ಕಲಿತಿದ್ದಳು. ‘ದಯವಿಟ್ಟು ಊದಬೇಡಿ’ ಅಂತ ತಮ್ಮ ಬರೆದಿಟ್ಟ ಬೋರ್ಡು ಹಾಗೇ ಇತ್ತು, ಬಂದವರೆಲ್ಲ ಕ್ಯಾಸೆಟ್ಟು ಎತ್ತಿ ಮೊದಲು ಊದುವುದೂ ಹಾಗೇ ಇತ್ತು. ಎಂಜಲು ತಾಗಿದರೆ ಹಲ್ಲು ಕಿಲುಬು ಹಿಡಿಯುತ್ತದೆ ಕಣ್ರೀ ಅಂತ ತಮ್ಮ ಕೂಗಾಡುತ್ತಿದ್ದ. ಇವಳು ಅವರು ಊದಿ ಮುಗಿಸುವವರೆಗೆ ಕಾದು, ಇಸಿದುಕೊಂಡು ಒರೆಸಿಡುತ್ತಿದ್ದಳು.

ಒಬ್ಬ ಬರುತ್ತಾನೆ, ಬೀರುವಿನ ಮುಂದೆ ನಿಂತು ಒಂದೊಂದರ ಫೋಟೋ ಹೊಡೆಯುತ್ತಾನೆ, ಬೆಲೆ ಕೇಳುತ್ತಾನೆ, ಅಲ್ಲೇ ಫ್ಯಾನಿನ ಕೆಳಗೆ ನಿಂತು ಅದನ್ನೇ ಫೋನಿನಲ್ಲಿ ಬೇರೆಲ್ಲಿಂದಲೋ ತರಿಸಿಕೊಳ್ಳುತ್ತಾನೆ. ಹೋಗುವಾಗ ‘ಇಂಥ ಅಂಗಡಿ ಮುಚ್ಚಬಾರದು ಮೇಡಂ’ ಅಂತ ಉಪದೇಶ ಬೇರೆ. ಇನ್ನೊಬ್ಬ ಮಹಾಶಯ ಒಂದು ಚೀಲ ಕ್ಯಾಸೆಟ್ಟು ತಂದು, ತನ್ನ ಬಾಲ್ಯವನ್ನೇ ಮಾರುತ್ತಿದ್ದೇನೆ ಅಂತ ಕಣ್ಣೊರೆಸಿಕೊಂಡು ಹೋದ. ಕಂಡಕ್ಟರ್ ಒಂದನ್ನು ಬಿಚ್ಚಿ ನೋಡಿದರೆ ಒಳಗೆ ಉಗುರಿನಷ್ಟು ಸರ್ಕ್ಯೂಟ್ ಬೋರ್ಡು, ಮೇಲೆ ಹೊಸದಾಗಿ ಅಚ್ಚು ಹಾಕಿದ ಸ್ಟಿಕ್ಕರು. ಚೀಲಕ್ಕೆ ಚೀಲವೇ ನಕಲಿ. ‘ಟೋಪಿ ಹಾಕಿದಾನೆ ಅಕ್ಕ, ಚೆನ್ನಾಗಿ ಹಾಕಿದಾನೆ!’ ಅಂತ ಅವನು ಎಗರಾಡಿದ. ಅಕ್ಕ ‘ಹೌದಾ’ ಅಂದಳು. ಕಾಲಿಗೆ ಜೋಮು ಹಿಡಿದರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಅವಳಿಗೆ ಮೈಗೆಲ್ಲ ಹಾಗಾಗಿತ್ತು. ತಮ್ಮನನ್ನು ಮಣ್ಣು ಮಾಡಿದ ದಿನವೂ ಅವಳು ಅತ್ತಿರಲಿಲ್ಲ. ಬಂದವರಿಗೆ ಕುರ್ಚಿ ಸಾಕಾಗುತ್ತವೋ ಇಲ್ಲವೋ ಅಂತ ಎಣಿಸುತ್ತಿದ್ದಳು.

ಹಾಗಿದ್ದೂ ದಿನ ಸಾಗುತ್ತಿತ್ತು. ಕೇಳಿದವರಿಗೆ ಕೊಡಲ್ಲ ಅಂದದ್ದು ಒಂದೇ ಒಂದು ವಸ್ತುವನ್ನು, ತಮ್ಮನ ಆ ಮಷೀನನ್ನು. ಆ ಜಾತಿಯ ಮಷೀನು ಅಂಗಡಿಯಲ್ಲಿ ಕೆಲಸ ಮಾಡುವಂಥದ್ದು ಅದೊಂದೇ ಉಳಿದಿತ್ತು. ಎಷ್ಟೋ ಜನ ಅದರ ಮೇಲೆ ಕಣ್ಣು ಹಾಕಿದರು.

‘ಅದು ಮಾರೋದಲ್ಲ,’ ಅನ್ನುತ್ತಿದ್ದಳು. ‘ಅದು ಆಡ್ತಾ ಇದೆ.’

ಟೀವಿ ಆರಿದೆ, ಎದುರಿಗೆ ಯಾರೂ ಇಲ್ಲ, ಆಡ್ತಾ ಇದೆಯಂತೆ! ಕೇಳಿದವರು ಮುಖ ಮುಖ ನೋಡಿಕೊಂಡು ಹೊರಟುಹೋಗುತ್ತಿದ್ದರು.

ಸುಟ್ಟ ವಾಸನೆ ಹಿಡಿದದ್ದು ಕಂಡಕ್ಟರ್. ಅವತ್ತು ಅವನ ರಜೆ. ಒಳಗೆ ಕಾಲಿಟ್ಟವನೇ ಮೂಗು ಅರಳಿಸಿ, ‘ಏನಕ್ಕ ಇದು, ಚಪ್ಪಲಿ ಸುಟ್ಟ ಹಾಗೆ?’ ಅಂದ. ಅವಳು ‘ಒಂದು ವಾರದಿಂದ ಇದೆ’ ಅಂದಳು, ಹವಾಮಾನ ಹೇಳುವವರ ಹಾಗೆ. ಅವನು ಗೋಡೆಗೆ ಅಂಗೈ ಇಟ್ಟು ಹೌಹಾರಿ ತೆಗೆದ. ಬೀದಿಗೆ ಓಡಿಹೋಗಿ ಎಲೆಕ್ಟ್ರಿಷಿಯನ್‌ನನ್ನು ಕರೆತಂದ.

ಎಲೆಕ್ಟ್ರಿಷಿಯನ್ ಬಾಯಿ ಬಿಟ್ಟರೆ ಬೈಗುಳ, ಕೈ ಮಾತ್ರ ಬಲು ನಯ. ಬೀರು ಸರಿಸಿ ನೋಡಿದರೆ, ಗೋಡೆಯ ಪ್ಲಗ್ ಪಾಯಿಂಟು ಕರ್ರಗಾಗಿ ಅರ್ಧ ಕರಗಿತ್ತು. ಅದರಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಆ ಬೋರ್ಡಿನಿಂದ ಇನ್ನೊಂದು. ಫ್ಯಾನು, ಬೀರುವಿನ ದೀಪಗಳು, ಟೀವಿಗಳು, ಕಟ್ಟಕಡೆಗೆ ತಮ್ಮನ ಮಷೀನು.

‘ಯಾವ ಪುಣ್ಯಾತ್ಮ ಹಾಕಿದ್ದಿದು? ವೈರೆಲ್ಲ ಬೆಂದುಹೋಗಿದೆ. ಎಲ್ಲಾ ಕಿತ್ತು ಹೊಸದು ಎಳೀಬೇಕು. ಈಗ್ಲೇ.’

‘ಎಲ್ಲಾ ಕೀಳಪ್ಪ, ಅದೊಂದನ್ನ ಬಿಟ್ಟು,’ ಅಂದಳು ಅಕ್ಕ.

‘ಅದೊಂದು ಏನು ಆಕಾಶದಿಂದ ಉರೀತಿದೆಯಾ? ಇದೇ ವೈರು. ಬ್ಯಾಟರಿ ತರ್ತೀನಿ, ಇಲ್ಲಿಂದ ಕಿತ್ತು ಅದಕ್ಕೆ ಹಾಕಿದ್ರಾಯ್ತು. ಕಣ್ಣು ಮಿಟುಕಿಸೋಷ್ಟರಲ್ಲಿ ಆಗುತ್ತೆ.’

‘ಅದು ಅಷ್ಟರಲ್ಲೇ ಹೋಗುತ್ತೆ.’

‘ಏನು ಹೋಗುತ್ತೆ?’

ಎಲೆಕ್ಟ್ರಿಷಿಯನ್ ಕಂಡಕ್ಟರನ ಮುಖ ನೋಡಿದ, ಕಂಡಕ್ಟರ್ ‘ಊದಬೇಡಿ’ ಬೋರ್ಡು ನೋಡಿದ. ಎಲೆಕ್ಟ್ರಿಷಿಯನ್ ದನಿ ತಗ್ಗಿಸಿದ. ‘ನೋಡಮ್ಮ, ನಿಮ್ಮ ಅಂಗಡಿ, ನಿಮ್ಮಿಷ್ಟ. ಸುಟ್ಕೊಳ್ಳಿ ಬೇಕಾದ್ರೆ. ಆದ್ರೆ ಮೇಲ್ಗಡೆ ಸಂಸಾರ ಇದೆ. ಈಗ ಬರ್ತಾ ನೋಡ್ದೆ, ಮಗು ಬಟ್ಟೆ ಒಣಗ್ಹಾಕಿದಾರೆ.’

ಮೇಲಿನ ಮನೆಯ ಕೂಸು ಅಳುವುದು ಅವಳಿಗೆ ದಿನವೂ ಕೇಳುತ್ತಿತ್ತು. ಆ ಗೋಡೆ ಅವರ ಮನೆಗೂ ಹೋಗುತ್ತದೆ ಅಂತ ಹೊಳೆದೇ ಇರಲಿಲ್ಲ. ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

‘ಸರಿ,’ ಅಂದಳು. ‘ಒಂದು ಗಳಿಗೆ ತಡಿ. ಇವನು ಆಟ ಮುಗಿಸಲಿ, ಆಮೇಲೆ ಕೀಳು.’ ಜಾಯ್‌ಸ್ಟಿಕ್ಕಿನ ವೈರು ಬಿಡಿಸಿ ಕಂಡಕ್ಟರನ ಕೈಗೆ ತುರುಕಿದಳು. ‘ಇವತ್ತು ಕಣ್ಣುರಿ ಬೆರಳುನೋವು ಏನೂ ಬೇಡ. ಕೂತ್ಕೋ. ಗೆದ್ದುಕೊಡು ಅವನಿಗೆ.’

‘ಅಕ್ಕ, ಹಾಗೇ ಆರಿಸಿಬಿಡೋಣ ಅಕ್ಕ.’

‘ಗೆದ್ದುಕೊಡೋ ಅಂದೆನಲ್ಲ.’

ಅವಳೇ ಟೀವಿ ಹಾಕಿದಳು. ಹಳೇ ಟೀವಿ, ಗಾಜು ಬೆಳಗಾಗುವುದಕ್ಕೇ ಅಷ್ಟು ಹೊತ್ತು. ಮೊದಲು ಬೂದಿ ಬಣ್ಣ, ಆಮೇಲೆ ಇಟ್ಟಿಗೆಯ ಎರಡು ಕಟ್ಟೆಗಳು ಎಡಕ್ಕೊಂದು ಬಲಕ್ಕೊಂದು, ನಡುವೆ ಕಪ್ಪನೆ ಹಳ್ಳ. ಆ ಹಳ್ಳದ ಮೇಲೆ ಹೆಬ್ಬೆರಳುದ್ದದ ನೀಲಿ ಅಂಗಿಯ ಮನುಷ್ಯ ಎರಡೂ ಕೈ ಮೇಲೆತ್ತಿ ನಿಂತಿದ್ದ. ನಿಂತಿದ್ದ ಅಂದರೆ ತಪ್ಪಾಗುತ್ತದೆ. ಅವನ ತಲೆ ಆಗಲೇ ಕಟ್ಟೆಯ ಅಂಚಿಗಿಂತ ಕೆಳಗಿತ್ತು. ಮೂಲೆಯಲ್ಲಿ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಜಾಗ ಖಾಲಿ.

ಕಂಡಕ್ಟರ್ ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

‘ಬೀಳ್ತಾ ಇದಾನಲ್ಲೋ,’ ಅಂದಳು ಅಕ್ಕ. ಅಷ್ಟು ತಿಳಿಯುವುದಕ್ಕೆ ಆಟ ಬರಬೇಕಾಗಿರಲಿಲ್ಲ.

‘ಹೂಂ ಅಕ್ಕ. ಇನ್ನು ಯಾರು ಆಡಿದ್ರೂ ಅಷ್ಟೇ.’

‘ನಿಂಗೆ ಗೊತ್ತಿತ್ತಾ?’

‘ಟೀವಿ ಆರಿಸಿದೋನು ನಾನೇ ಅಲ್ವಾ?’

‘ಕೊನೇ ಹಂತ ಅಂದಿದ್ಯಲ್ಲೋ!’

‘ಕೊನೇ ಹಂತಾನೇ ಅಕ್ಕ, ಸುಳ್ಳು ಹೇಳ್ಲಿಲ್ಲ. ಕಾಲು ತಪ್ಪಿತ್ತು ಅನ್ನೋದನ್ನ ಹೇಳ್ಲಿಲ್ಲ, ಅಷ್ಟೇ. ನೀನು ಆ ದೀಪ ನೋಡ್ಕೊಂಡು ಕೂತಿರ್ತಿದ್ದೆ. ಹೆಂಗೆ ಹೇಳ್ಲಿ?’

ಅಕ್ಕ ಪರದೆಯನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು.

‘ಅಯ್ಯೋ ಕಳ್ಳ ಭಡವಾ!’ ಅಂದಳು, ತಮ್ಮ ಎದುರಿಗೇ ಇದ್ದ ಹಾಗೆ. ‘ಇಷ್ಟು ವಯಸ್ಸಾದ್ರೂ ಅದೇ ಬುದ್ಧಿಯೇನೋ?’

ಅದೇ ಬುದ್ಧಿ. ಅಮ್ಮ ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಕಾಲ, ಮನೆಗೂ ತಮ್ಮನಿಗೂ ಅವಳೇ ದಿಕ್ಕು. ಅವನಿಗೆ ಸೋಲುವುದೆಂದರೆ ಆಗದು. ಆಟದಲ್ಲಿ ಇನ್ನೇನು ಸತ್ತೆ ಅನ್ನುವ ಹೊತ್ತಿಗೆ ಸರಿಯಾಗಿ ಪಾಜ್ ಒತ್ತಿ, ಓಡಿಹೋಗಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಊಟಕ್ಕೆ ಕರೆದರೆ, ‘ಆಟ ಮುಗಿದಿಲ್ಲ, ಮುಗಿದ ಮೇಲೆ ಬರ್ತೀನಿ.’ ತಾನಾಗಿ ಮುಗಿಸಲಾರ, ಉಣ್ಣಲಾರ. ತಟ್ಟೆ ತಣ್ಣಗಾಗುತ್ತಿತ್ತು. ಕೊನೆಗೆ ಇವಳೇ ಹೋಗಿ ಗುಂಡಿ ಒತ್ತಬೇಕು, ಬೊಂಬೆ ಬೀಳಬೇಕು, ಇವಳು ಮಂಚದ ಕಡೆ ಬಗ್ಗಿ ಕೂಗಿ ಹೇಳಬೇಕು. ಆಗ ಮುಖ ಊದಿಸಿಕೊಂಡು ಹೊರಗೆ ಬರುತ್ತಿದ್ದ. ಬಂದು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಸೋತಾಯಿತು ಅಂತ ಗೊತ್ತಾದ ಮೇಲೆ ಅವನಿಗೆ ಹಸಿವು ಜಾಸ್ತಿ.

ಇಷ್ಟೂ ದಿನ ಇದು ಅವಳಿಗೆ ನೆನಪಾಗದೆ ಹೋಯಿತಲ್ಲ ಅಂತೀರಾ? ನೆನಪು ಬಾಗಿಲು ತಟ್ಟಿದ್ದರೂ ಅವಳು ತೆಗೆಯುತ್ತಿರಲಿಲ್ಲ ಬಿಡಿ.

ಅಕ್ಕ ಜಾಯ್‌ಸ್ಟಿಕ್ಕು ಎತ್ತಿಕೊಂಡಳು. ಯಾವ ಗುಂಡಿ ಅಂತ ಯಾರನ್ನೂ ಕೇಳಲಿಲ್ಲ. ಆ ಆಟದಲ್ಲಿ ಅವಳಿಗೆ ಗೊತ್ತಿದ್ದದ್ದು ಅದೊಂದೇ ಗುಂಡಿ. ಒತ್ತಿದಳು. ನೀಲಿ ಅಂಗಿಯವನು ಹಳ್ಳಕ್ಕೆ ಬಿದ್ದು ಕಾಣದಾದ. ಎಳೆದೆಳೆದು ಒಂದು ರಾಗ ಬಂತು, ಪರದೆ ಕಪ್ಪಾಯಿತು, ಆಮೇಲೆ ಆಟ ಮೊದಲಿಗೆ ಬಂದು ನಿಂತಿತು.

ಅವಳು ಮೇಜಿನ ಕಡೆ ಬಗ್ಗಿ, ಅಷ್ಟು ವರ್ಷಗಳ ಹಿಂದಿನ ದನಿಯಲ್ಲೇ ಕೂಗಿದಳು:

‘ನೀ ಸೋತೆ ಕಣೋ! ಬಾ ಊಟಕ್ಕೆ!’

ಮೇಜಿನ ಕೆಳಗೆ ಸುತ್ತಿಟ್ಟ ವೈರುಗಳಿದ್ದವು, ಕಂಡಕ್ಟರನ ಊಟದ ಡಬ್ಬಿ ಇತ್ತು. ಅವಳು ಬಗ್ಗಿದವಳು ಹಾಗೇ ಕಾದಳು. ಆಮೇಲೆ ನೆಲಕ್ಕೆ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು, ಜೋರಾಗಿ ಅತ್ತಳು. ಕನ್ನಡಕದ ಅಂಗಡಿಯವರು ಏನಾಯ್ತು ಅಂತ ಬಂದು ಬಾಗಿಲಲ್ಲಿ ನಿಂತರು. ಕಂಡಕ್ಟರ್ ಅವಳ ಪಕ್ಕದಲ್ಲೇ ಕೂತ. ಸುಮ್ಮನಿರು ಅಂತ ಅನ್ನಲಿಲ್ಲ.

ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದುಕೊಂಡು ನಿಂತೇ ಇದ್ದ. ಎಷ್ಟೋ ಹೊತ್ತಾದ ಮೇಲೆ ಅಕ್ಕ ಮೂಗು ಒರೆಸಿಕೊಂಡು ಅವನ ಕಡೆ ನೋಡಿದಳು.

‘ಈಗ ಕೀಳಪ್ಪ,’ ಅಂದಳು.