ನಾನು ದಂತ ಇಟ್ಟ ಆನೆ

ಚಿಂತೆ ಮಾಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಮೆಣಸಿನ ಬಳ್ಳಿಗೆ ಔಷಧಿ ಹೊಡೆಸುವುದು, ಬೇಲಿ ನೋಡುವುದು, ರೇಷನ್ ತರುವುದು ಇವನ್ನೆಲ್ಲ ನಾನೂ ಹೆಂಡತಿಯೂ ಹಂಚಿಕೊಂಡಿದ್ದೇವೆ. ಚಿಂತೆಯಲ್ಲಿ ಮಾತ್ರ ಅವಳಿಗೆ ಪಾಲು ಸಿಕ್ಕಿಲ್ಲ. ಅವಳು ಶುರು ಮಾಡುವಷ್ಟರಲ್ಲಿ ನಾನು ಮುಗಿಸಿ ಮುಂದಿನದಕ್ಕೆ ಹೋಗಿರುತ್ತೇನೆ.

ಮಗಳು ಸಕಲೇಶಪುರದ ಕಾಲೇಜಿಗೆ ಸೇರಿದ ಮೇಲೆ ಈ ಕೆಲಸ ಎರಡು ಪಾಳಿಯಾಯಿತು. ನಮ್ಮ ಮನೆ ಯಸಳೂರಿನ ದಾರಿಯಲ್ಲಿ ಬಸ್ಸಿಳಿದು ಕಾಫಿ ತೋಟಗಳ ನಡುವೆ ಒಂದೂವರೆ ಕಿಲೋಮೀಟರ್ ಒಳಗಿದೆ. ಬೆಳಿಗ್ಗೆ ಅವಳನ್ನು ಬಸ್ಸಿಗೆ ಬಿಟ್ಟು ಬರುತ್ತಿದ್ದೆ. ಆಮೇಲೆ ಅವಳ ದಿನ ನನಗೆ ಗೊತ್ತಾಗುತ್ತಿದ್ದುದು ಅವಳ ಫೋನಿನ ಸ್ಟೇಟಸ್ಸಿನಿಂದ. ರೈಲ್ವೆ ಸೇತುವೆಯ ಮೇಲೆ ಅವಳೂ ಅವಳ ಗೆಳತಿಯೂ ಒಂದೇ ಇಯರ್‌ಫೋನಿನ ಎರಡು ತುದಿ ಕಿವಿಗಿಟ್ಟುಕೊಂಡು ನಿಂತಿರುವುದು. ಬಸ್ ಸ್ಟ್ಯಾಂಡಿನ ಹತ್ತಿರದ ಗಾಡಿಯಲ್ಲಿ ಒಂದು ಪ್ಲೇಟ್ ಗೋಬಿ, ಎರಡು ಕಡ್ಡಿ. ಹೊಳೆಯ ಹತ್ತಿರ ಬರೀ ನಾಲ್ಕು ಚಪ್ಪಲಿ. ಆ ಗೋಬಿಯ ಕೆಂಪು ಬಣ್ಣ ನೋಡಿ ನನಗೆ ಎರಡು ದಿನ ಹೊಟ್ಟೆ ಸರಿಯಿರಲಿಲ್ಲ. ತಿಂದ ಅವಳು ಚೆನ್ನಾಗಿಯೇ ಇದ್ದಳು. ಚಪ್ಪಲಿ ನೋಡಿದ ದಿನವಂತೂ, ಕಾಲುಗಳು ಎಲ್ಲಿ ಎಂದು ಫೋನ್ ಮಾಡಿ ಕೇಳಿದೆ.

“ಕಾಲು ನೀರಲ್ಲೈತೆ ಕಣಪ್ಪ,” ಎಂದಳು. “ಮಂಡಿವರ್ಗೂ ಇಲ್ಲ. ಪಾದ ಅಷ್ಟೇ.”

ಆ ಗೆಳತಿ ಪೇಟೆಯ ಮುಸ್ಲಿಂ ಮನೆಯ ಹುಡುಗಿ. ಅವಳಪ್ಪ ಎಸ್ಟೇಟುಗಳಿಂದ ಕಾಫಿ ಮೂಟೆ ಸಾಗಿಸುವ ಲಾರಿ ಇಟ್ಟಿದ್ದಾರೆ. ಇಬ್ಬರೂ ಮೊದಲ ವರ್ಷ ಒಂದೇ ಬೆಂಚಿನಲ್ಲಿ ಕೂತು, ಎರಡನೇ ವರ್ಷದ ಹೊತ್ತಿಗೆ ಒಂದೇ ಡಬ್ಬಿಯಲ್ಲಿ ಉಣ್ಣತೊಡಗಿದ್ದರು. ನನ್ನ ಹೆಂಡತಿಯ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಆ ಹುಡುಗಿಗೆ ಎಷ್ಟು ಹಿಡಿಸಿತೆಂದರೆ, ನಮ್ಮ ಮನೆಯಿಂದ ಹೋಗುವ ರೊಟ್ಟಿ ಮೂರರಿಂದ ಆರಾಯಿತು. ನಮ್ಮದು ಲಿಂಗ ಕಟ್ಟುವ ಮನೆ, ಮಾಂಸ ಮೊಟ್ಟೆ ಇಲ್ಲ. ಮಗಳು ಮೊದಲ ಸಲ ಅವರ ಮನೆಯಲ್ಲಿ ಉಳಿದ ದಿನ ನಾನು ಸುತ್ತಿ ಬಳಸಿ ಅದನ್ನೇ ಕೇಳಲು ಫೋನ್ ಮಾಡಿದ್ದೆ. ಗೆಳತಿಯ ತಾಯಿ ನನಗೆ ಸುತ್ತಲು ಬಿಡಲಿಲ್ಲ.

“ಅಣ್ಣ, ನಿಮ್ ಮಗಳಿಗೆ ಅಂತ್ಲೇ ಒಂದು ಬಾಣಲೆ ಬೇರೆ ತೆಗೆದಿಟ್ಟಿದೀನಿ. ನಮ್ಮನೆಯವ್ರಿಗೂ ಮುಟ್ಟಕ್ಕೆ ಬಿಡಲ್ಲ. ನೀವು ನೆಮ್ಮದಿಯಾಗಿ ಊಟ ಮಾಡಿ.”

ನಾನಿನ್ನೂ ಊಟ ಮಾಡಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ.

ಅವಳು ಅಲ್ಲಿ ಉಳಿಯುವಂತಾದದ್ದು ಆನೆಯಿಂದ. ನಮ್ಮ ಕಡೆ ಆನೆ ಬರುವುದು ಈಗ ಸುದ್ದಿಯಲ್ಲ, ಹವಾಮಾನ. ಬೆಳಿಗ್ಗೆ ಎದ್ದು ಜನ ಆಕಾಶ ನೋಡುವ ಮೊದಲು ಫೋನ್ ನೋಡುತ್ತಾರೆ. ಪ್ರತಿ ಹೋಬಳಿಗೂ ಆನೆಯ ವಾಟ್ಸಾಪ್ ಗುಂಪುಗಳಿವೆ. ನಾನು ಐದರಲ್ಲಿದ್ದೆ, ಅದರಲ್ಲಿ ಎರಡು ನಾನೆಂದೂ ಹೋಗದ ಊರುಗಳವು. ಆನೆ ಕಂಡವರು ಎಲ್ಲಿ, ಎಷ್ಟು, ಯಾವ ಕಡೆ ಮುಖ ಎಂದು ಹಾಕಬೇಕು. ಅದನ್ನು ನೋಡಿಕೊಂಡೇ ಆಳುಗಳನ್ನು ತೋಟಕ್ಕೆ ಇಳಿಸುವುದು, ಶಾಲೆಯ ವ್ಯಾನು ಒಳಗೆ ಬರುವುದು. ಮಗಳಿಗೆ ನಾನು ಹಾಕಿದ್ದ ನಿಯಮ ಒಂದೇ: ನಮ್ಮ ದಾರಿಯಲ್ಲಿ ಆನೆ ಎಂದು ಗೊತ್ತಾದರೆ ಬಸ್ ಹತ್ತಬಾರದು, ಗೆಳತಿಯ ಮನೆಗೆ ಹೋಗಬೇಕು. ಆ ವರ್ಷ ಹಾಗೆ ನಾಲ್ಕು ಸಲ ಉಳಿದಿದ್ದಳು. ಬರುವಾಗ ತುಪ್ಪದನ್ನದ ಘಮ, ಇಬ್ಬರಿಗೇ ಅರ್ಥವಾಗುವ ಹತ್ತಾರು ನಗೆ ಮಾತು ಹೊತ್ತು ತರುತ್ತಿದ್ದಳು.

ಐದನೆಯ ಸಲ ಕಳೆದ ವರ್ಷದ ಕಾಫಿ ಕೊಯ್ಲಿನಲ್ಲಿ, ಒಂದು ಶುಕ್ರವಾರ. ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು.

“ಅಪ್ಪ, ಕೆರೆ ಏರಿ ಹತ್ರ ಆನೆ ಬಂದೈತಂತೆ. ಬಸ್ಸಲ್ಲಿ ಬಂದೋಳು ಹೇಳಿದ್ಲು. ನಾನು ಇಲ್ಲೇ ಉಳ್ಕೊತೀನಿ.”

“ಉಳ್ಕೊ, ಉಳ್ಕೊ,” ಎಂದೆ. ಫೋನ್ ಇಟ್ಟು, ನಮ್ಮ ದಾರಿಯಲ್ಲೇ ಇರುವ ಆ ಏರಿಯ ಹತ್ತಿರದ ತೋಟದಲ್ಲಿ ಹೆಣ್ಣಾಳುಗಳು ಹಣ್ಣು ಕೊಯ್ಯುತ್ತಿರುವುದು ನೆನಪಾಗಿ, ನಮ್ಮ ಊರಿನ ಗುಂಪಿನಲ್ಲಿ ಹಾಕಿದೆ: ಕೆರೆ ಏರಿ ಹತ್ತಿರ ಆನೆ.

ತಕ್ಷಣ ಪ್ರಶ್ನೆಗಳು ಬಂದವು. ಒಂಟಿನಾ, ಗುಂಪಾ? ದಂತ ಐತಾ? ಯಾವ ಕಡೆ ಮುಖ?

ಗೊತ್ತಿಲ್ಲ ಎಂದು ಬರೆಯಬಹುದಿತ್ತು. ಆದರೆ ನೋಡದೆ ಹಾಕುವವರನ್ನು ಆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನು ನಾನೇ. ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆಯಿತು: ಒಂಟಿ. ದಂತ ಇದೆ. ನಮ್ಮ ತೋಟದ ಕಡೆಗೆ ಮುಖ.

ಒಮ್ಮೆ ಬರೆದ ಮೇಲೆ ನಾನೇ ನಂಬಿಬಿಟ್ಟೆ. ಹಿಂದಿನ ಬಾಗಿಲು ಹಾಕಿದೆ, ನಾಯಿಯನ್ನು ಒಳಗೆ ಕರೆದೆ. ಪಕ್ಕದ ತೋಟಗಳವರು ಆಳುಗಳನ್ನು ಅರ್ಧಕ್ಕೇ ಬಿಡಿಸಿದರು. ಹೆಂಗಸರು ಏರಿಯ ದಾರಿ ಬಿಟ್ಟು ಸುತ್ತು ಬಳಸಿ ತಮ್ಮ ಲೈನ್ ಮನೆಗಳಿಗೆ ನಡೆದರು. ಶಾಲೆಯ ವ್ಯಾನು ಮಕ್ಕಳನ್ನು ದೊಡ್ಡ ರಸ್ತೆಯಲ್ಲೇ ಇಳಿಸಿತು. ಅರಣ್ಯ ಇಲಾಖೆಯ ಆನೆ ಕಾಯುವವರು ಮೂವರು ಜೀಪಿನಲ್ಲಿ ಬಂದರು. ಮೂರೂವರೆ ಹೊತ್ತಿಗೆ ಮಗಳು ಮತ್ತೆ ಫೋನ್ ಮಾಡಿದಳು, ಹಿಂದೆ ಜನರ ಗದ್ದಲ.

“ಅಪ್ಪ, ನಿಜವಾಗ್ಲೂ ಮನೆ ಕಡೆ ಬರ್ತಾ ಐತಾ? ಅಮ್ಮ ಎಲ್ಲಿ? ಹೊರಗೆ ಬರ್ಬೇಡಿ.”

ಅವಳ ಧ್ವನಿ ನಡುಗುತ್ತಿತ್ತು. ಹೆತ್ತವರ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. “ಹೆದರ್ಬೇಡ, ಬಾಗಿಲು ಹಾಕಿದೀವಿ,” ಎಂದೆ.

ಮಾರನೆಯ ಬೆಳಿಗ್ಗೆ ಅವಳು ಬಂದು ರೊಟ್ಟಿ ತಿನ್ನುತ್ತಿದ್ದಾಗ ಆನೆ ಕಾಯುವವರಲ್ಲಿ ಒಬ್ಬ ಅಂಗಳಕ್ಕೆ ಬಂದ.

“ಅಣ್ಣಾರೆ, ಕತ್ತಲಾಗಗಂಟ ಏರಿ ಮೇಲೆ ನಿಂತಿದ್ವಿ. ಹೆಜ್ಜೆ ಇಲ್ಲ, ಲದ್ದಿ ಇಲ್ಲ, ಒಂದು ಕೊಂಬೆ ಮುರಿದಿಲ್ಲ. ನೀವು ದಂತ ಕಂಡ್ರಾ?”

“ಕಂಡೆ,” ಎಂದೆ.

“ಎರಡೂ ಇದ್ವಾ?”

“ಇದ್ವು.”

“ಹಂಗಾರೆ ಗಾಳಿ ಮೇಲೆ ಹೋಗ್ಬುಟ್ಟೈತೆ,” ಎಂದು ಹೇಳಿ, ಹೆಂಡತಿ ಕೊಟ್ಟ ಕಾಫಿ ಕುಡಿದು ಹೊರಟ.

ನಾನು ಒಳಗೆ ಬಂದೆ. ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ.

“ದಂತ ಎಷ್ಟುದ್ದ ಇದ್ವಪ್ಪ?”

“ಯಾಕೆ?”

“ಸುಮ್ನೆ. ನಾನು ಹೇಳ್ದಾಗ ಇರ್ಲಿಲ್ಲ.”

ಅರ್ಥವಾಗದೆ ನಿಂತಿದ್ದ ನನಗೆ ಅವಳೇ ಎಲ್ಲ ಬಿಡಿಸಿ ಹೇಳಿದಳು. ಬಸ್ಸಿನ ಹುಡುಗಿ ಇಲ್ಲ, ಆನೆ ಇಲ್ಲ. ಅವಳೂ ಗೆಳತಿಯೂ ಹಾಸನಕ್ಕೆ ಹೋಗಿ ಮಧ್ಯಾಹ್ನದ ಸಿನಿಮಾ ನೋಡಿ, ಸಂಜೆಯ ಬಸ್ಸಿಗೆ ಸಕಲೇಶಪುರಕ್ಕೆ ಮರಳಿದ್ದರು. ಮಧ್ಯಂತರದಲ್ಲಿ ಪಾಪ್‌ಕಾರ್ನ್ ಹಿಡಿದು, ತಾನೂ ಇದ್ದ ಊರಿನ ಆನೆ ಗುಂಪನ್ನು ಫೋನಿನಲ್ಲಿ ತೆರೆದರೆ, ಅವಳೇ ಹುಟ್ಟಿಸಿದ ಆನೆ ದಂತ ಬೆಳೆಸಿಕೊಂಡು ನಮ್ಮ ಮನೆಯತ್ತ ನಡೆಯುತ್ತಿತ್ತು. ನಿಜವಾಗಲೂ ಬಂದಿರಬೇಕು ಕಣೇ ಎಂದು ಗೆಳತಿ ಹೆದರಿಸಿದ್ದಳು. ಉಳಿದರ್ಧ ಸಿನಿಮಾ ಇಬ್ಬರಿಗೂ ಏನೂ ನೆನಪಿಲ್ಲವಂತೆ.

“ನನ್ನತ್ರ ಸುಳ್ಳು ಹೇಳಿದ್ಯಾ,” ಎಂದೆ.

“ನಾನು ಬಂದೈತಂತೆ ಅಂದೆ ಅಷ್ಟೇ. ದಂತ ಇಟ್ಟೋನು ನೀನು.”

ಒಲೆಯ ಮುಂದಿನಿಂದ ಹೆಂಡತಿ ಹೇಳಿದಳು, “ಇಬ್ರೂ ಸೇರಿ ಒಂದು ಮರೀನೂ ಹಾಕಿಸ್ಬೋದಿತ್ತು ಕಣ್ರೀ.”

ನಗು ಬರಬೇಕಿತ್ತು. ಬರಲಿಲ್ಲ. ಇನ್ನು ಮೇಲೆ ಆ ಮನೆಯಲ್ಲಿ ಉಳಿಯುವುದು ಬೇಡ ಎಂದುಬಿಟ್ಟೆ. ಅವಳು ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಸಿನಿಮಾಗೆ ಹೋಗ್ಲಾ ಅಂತ ಹೋದ ತಿಂಗ್ಳೇ ಕೇಳಿದ್ದೆ. ನೀನು ಬೇಡ ಅನ್ಲಿಲ್ಲ. ನೋಡಣ ಅಂದೆ. ಇನ್ನೂ ನೋಡ್ತಾ ಇದೀಯ. ಆನೆ ಅಂದ್ರೆ ಮಾತ್ರ ತಕ್ಷಣ ಹೂಂ ಅಂತೀಯ.” ದನಿ ತಗ್ಗಿಸಿ ಹೇಳಿದಳು, “ಅವರಮ್ಮಂಗೆ ಇದು ಗೊತ್ತಿಲ್ಲ. ನೀನೇ ಸಿನಿಮಾಗೆ ಕಳಿಸಿದೀಯ ಅಂದ್ಕೊಂಡವ್ರೆ. ಗೊತ್ತಾದ್ರೆ ಮುಗೀತು. ಅವಳು ನನ್ ಜೊತೆ ಹೊಳೆವರ್ಗೂ ಬರಂಗಿಲ್ಲ.”

ಆ ಮಾತು ನನ್ನನ್ನು ತೋಟದ ತನಕ ಹಿಂಬಾಲಿಸಿತು. ನಾನೇ ಯೋಚಿಸಿ ನೋಡಿದೆ. ಹತ್ತೊಂಬತ್ತು ವರ್ಷದ ಹುಡುಗಿ ತನಗೆ ಇಷ್ಟವಾದ ಮನೆಯಲ್ಲಿ ಒಂದು ರಾತ್ರಿ ಇರಲು, ಗೆಳತಿಯ ಜೊತೆ ಸಿನಿಮಾ ನೋಡಲು, ನಾನು ತೆರೆದಿಟ್ಟಿದ್ದ ಬಾಗಿಲು ಭಯವೊಂದೇ. ಬಯಕೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪಾಯಕ್ಕೆ ಮಾತ್ರ ಸಿದ್ಧ ಉತ್ತರವಿತ್ತು. ಹಾಗಾಗಿ ಅವಳು ಅಪಾಯವನ್ನು ತಂದುಕೊಂಡಳು. ನಾನು ಇದನ್ನೆಲ್ಲ ಪ್ರೀತಿ ಎಂದುಕೊಂಡಿದ್ದೆ. ಪ್ರೀತಿ ಹೌದು. ಆದರೆ ಅವಳು ನನ್ನ ಹತ್ತಿರ ನಿಜ ಹೇಳುವುದನ್ನೇ ಬಿಟ್ಟಿದ್ದರೆ, ನನ್ನ ಪ್ರೀತಿಗೆ ಇನ್ನು ಕೆಲಸವೇನು? ಐದು ಗುಂಪುಗಳಲ್ಲಿ ಆನೆ ಎಲ್ಲಿದೆ ಎಂದು ತಿಳಿಯುತ್ತಿತ್ತು. ಮಗಳು ಎಲ್ಲಿದ್ದಾಳೆ ಎನ್ನುವುದಕ್ಕೆ ಗುಂಪಿಲ್ಲ.

ಮಧ್ಯಾಹ್ನ ಗುಂಪಿನಲ್ಲಿ ಬರೆದೆ: ನಿನ್ನೆಯ ಆನೆ ಇರಲಿಲ್ಲ. ನಾನು ನೋಡದೆ ಹಾಕಿದೆ. ದಂತವೂ ನನ್ನದೇ. ತಪ್ಪಾಯಿತು.

ಬೈಗುಳ ಬಂದವು, ಬರಬೇಕಾದವೇ. ಸುತ್ತು ಬಳಸಿ ನಡೆದ ಹೆಂಗಸರ ಕಾಲುನೋವಿನ ಬಗ್ಗೆ ಒಬ್ಬರು ಬರೆದದ್ದನ್ನು ಎರಡು ಸಲ ಓದಿದೆ. ಗುಂಪಿನ ಅಡ್ಮಿನ್, ನನ್ನ ಜೊತೆ ಶಾಲೆಗೆ ಬಂದವನು, ಫೋನ್ ಮಾಡಿದ.

“ಯಾರೋ ಹೇಳಿರ್ಬೇಕಲ್ಲ ಮಾರಾಯ ನಿಂಗೆ. ಹೆಸರು ಹೇಳು. ಅವ್ರನ್ನ ತೆಗ್ದಾಕ್ತೀನಿ, ನೀನಿರು.”

ನಿಜ ಹೇಳಬೇಕೆಂದರೆ, ಆಸೆಯಾಯಿತು. ಆ ಗುಂಪಿಲ್ಲದೆ ನನಗೆ ಬೆಳಗಾಗುವುದಿಲ್ಲ. ಆದರೆ ಮಗಳ ಹೆಸರು ಒಮ್ಮೆ ಗುಂಪಿಗೆ ಬಿದ್ದರೆ ಸಂಜೆಯೊಳಗೆ ಪೇಟೆಯ ಆ ಮನೆಗೂ ಮುಟ್ಟುತ್ತಿತ್ತು.

“ಯಾರೂ ಇಲ್ಲ ಕಣೋ,” ಎಂದೆ. “ಎಮ್ಮೆ ನೋಡಿ ಹಂಗನ್ನಿಸ್ತು.”

“ಎಮ್ಮೆಗೆ ದಂತ?”

“ಕೊಂಬು.”

ಅವನು ಉಸಿರು ಬಿಟ್ಟ. “ಒಂದು ತಿಂಗ್ಳು ಹೊರಗಿರು ಮಾರಾಯ. ಕಣ್ಣು ತೋರಿಸ್ಕೊ.” ಮಿಕ್ಕ ನಾಲ್ಕು ಗುಂಪುಗಳಲ್ಲೂ ಅವನ ಗೆಳೆಯರೇ ಇದ್ದರು. ಸಂಜೆಯ ಹೊತ್ತಿಗೆ ಐದರಿಂದಲೂ ನಾನು ಹೊರಗೆ.

ಮಗಳು ಜಗಲಿಗೆ ಬಂದು ನನ್ನ ಪಕ್ಕ ಕೂತಳು. ಅವಳು ತನ್ನ ಫೋನಿನಲ್ಲಿ ಎಲ್ಲ ಓದಿದ್ದಳು.

“ನನ್ ಹೆಸರು ಹೇಳ್ಬೋದಿತ್ತಲ್ಲ.”

“ಹೇಳ್ಬೋದಿತ್ತು.” ಆಮೇಲೆ ಇಡೀ ಮಧ್ಯಾಹ್ನ ತೋಟದಲ್ಲಿ ಜೋಡಿಸಿಟ್ಟುಕೊಂಡಿದ್ದನ್ನು ಹೇಳಿದೆ. “ಬೆಳಿಗ್ಗೆ ಬೇಡ ಅಂದಿದ್ದನ್ನ ಬಿಟ್ಬುಡು. ಉಳ್ಕೊಬೇಕು ಅನ್ಸಿದ್ರೆ ಉಳ್ಕೊಬೇಕು ಅನ್ನು. ಆನೇನ ಕರೀಬೇಡ.”

“ಹೂಂ ಅಂತೀಯಾ?”

“ಗೊತ್ತಿಲ್ಲ,” ಎಂದೆ. ಆ ಎರಡು ದಿನಗಳಲ್ಲಿ ಆನೆಯ ವಿಷಯದಲ್ಲಿ ಹೇಳಬೇಕಾಗಿದ್ದ ಮಾತು ಅದು, ಕೊನೆಗೆ ಇಲ್ಲಿ ಬಂತು.

ಅಲ್ಲಿಂದ ಮೂರು ವಾರ ಅವಳು ದಿನವೂ ನಾಲ್ಕೂವರೆಯ ಬಸ್ಸಿಗೆ ನೆಟ್ಟಗೆ ಮನೆಗೆ ಬಂದಳು. ಏನೂ ಕೇಳಲಿಲ್ಲ. ಸುಳ್ಳೂ ಇಲ್ಲ, ನಿಜವೂ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಗುಂಪಿನ ಸುದ್ದಿಯನ್ನು ನನಗೆ ಓದಿ ಹೇಳುತ್ತಿದ್ದಳು: ಬೆಳಗೋಡಿನ ಕಡೆ ಏಳು, ಮರಿ ಸಮೇತ. ನಮ್ಮ ಕಡೆ ಏನಿಲ್ಲ. ಅವಳು ಹೇಳಿದ್ದನ್ನು ನಂಬುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ. ಆದರೂ ಅವಳು ಹೊತ್ತಿಗೆ ಸರಿಯಾಗಿ ಗೇಟು ದಾಟುವುದನ್ನು ನೋಡಿದಾಗ, ಜೀವಮಾನದಲ್ಲಿ ಮೊದಲ ಸಲ, ಬೇಗ ಬಂದಳಲ್ಲ ಎಂದು ಚಿಂತೆಯಾಯಿತು. ರೊಟ್ಟಿ ಈಗಲೂ ಆರೇ ಹೋಗುತ್ತಿದ್ದವು, ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಅಷ್ಟು ಸಮಾಧಾನ.

ನಾಲ್ಕನೆಯ ವಾರ, ಮಧ್ಯಾಹ್ನ ಮೂರೂವರೆಗೆ ಫೋನ್.

“ಅಪ್ಪ, ಆನೆ ಎಲ್ಲೂ ಇಲ್ಲ. ಬೆಳಿಗ್ಗೆಯಿಂದ ಒಂದು ಮೆಸೇಜೂ ಬಂದಿಲ್ಲ.”

“ಹಂಗಾರೆ ಬಾ.”

“ಬರಲ್ಲ. ಇವತ್ತು ಇಲ್ಲೇ ಉಳ್ಕೊಬೇಕು ಅನ್ಸೈತೆ. ಕೆಲ್ಸ ಏನಿಲ್ಲ. ಮೆಹೆಂದಿ ಹಾಕ್ಕೊಂಡು ಕೂತ್ಕೊಂಡು ಮಾತಾಡ್ತೀವಿ.”

ಎಲ್ಲದಕ್ಕೂ ನಾನು ಸಿದ್ಧನಿದ್ದೆ. ಬಸ್ ಕೆಟ್ಟಿದೆ, ಪರೀಕ್ಷೆಗೆ ಓದಬೇಕು, ಮೈ ಬಿಸಿಯಾಗಿದೆ, ಎಲ್ಲದಕ್ಕೂ. ಏನೂ ಕಾರಣವಿಲ್ಲದ ಒಂದು ಆಸೆಗೆ ಏನು ಹೇಳುವುದೆಂದು ನನಗೆ ಯಾರೂ ಕಲಿಸಿರಲಿಲ್ಲ. ಅವಳು ಆ ಕಡೆ ಕಾಯುತ್ತಿದ್ದಳು.

“ಹೂಂ,” ಎಂದೆ.

“ಏನಂದೆ? ಕೇಳಿಸ್ಲಿಲ್ಲ.”

ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟ. ಹೇಳಿದೆ. ಬೆಳಿಗ್ಗೆ ಯಾವ ಬಸ್ಸು ಎಂದು ಕೇಳಿದೆ. ಮೊದಲನೆಯದು ಎಂದಳು.

ಮೂರನೆಯದಕ್ಕೆ ಬಂದಳು, ಮೊಣಕೈವರೆಗೂ ಮೆಹೆಂದಿ. ಅದನ್ನು ನಾನು ಸುಳ್ಳೆಂದು ಎಣಿಸಲಿಲ್ಲ. ತಡವಾಯಿತು ಎಂದಷ್ಟೇ ಎಣಿಸಿದೆ, ಎಂಟರಿಂದ ಹನ್ನೊಂದರವರೆಗೆ ಬಸ್ಸಿಳಿಯುವ ಕಡೆ ನಿಂತುಕೊಂಡು.