ಹಸು ಕಂದು ಹಾಕಿದ್ದನ್ನು ಹೇಳಲಿಲ್ಲ

ಅಕ್ಕನ ಬಲಗೈ ಮೊಣಕೈವರೆಗೂ ಹರಳೆಣ್ಣೆಯಲ್ಲಿ ಮಿರುಗುತ್ತಿದ್ದರೆ ಊರಿನಲ್ಲಿ ಯಾರದೋ ಹಸು ಕರು ಹಾಕುತ್ತಿದೆ ಎಂದೇ ಅರ್ಥ. ಆ ಕೈ ಮುಟ್ಟಿದ್ದೊಂದನ್ನು ಡಾಕ್ಟರ ಮುಂದೆ ನಾನು ಮುಚ್ಚಿಟ್ಟೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯಬೇಕು.

ಗಂಡ ಸತ್ತ ಮೇಲೆ ಅಕ್ಕ ಬೆಸಗರಹಳ್ಳಿ ಹತ್ತಿರದ ನಮ್ಮ ಊರಿಗೇ ಬಂದು ನನ್ನ ಮನೆಯಲ್ಲಿದ್ದಳು. ಕರು ಹಾಕಲಾರದೆ ಹಸು ತಿಣುಕುತ್ತಿದ್ದರೆ ಜನ ಅವಳನ್ನು ಕರೆಯುತ್ತಿದ್ದರು. ದೂರ ನಿಂತ ಯಜಮಾನನನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. "ಲೇ, ನಿನ್ ಎಂಡ್ರು ಎರ್ಗೆ ಆಗೋವಾಗ ನಿಂತಿದ್ದಂಗೆ ಆಚೆ ನಿಂತಿದ್ದೀಯಲ್ಲ, ಬಂದು ಬಾಲ ಇಡ್ಕಳ್ಲಾ!" ಎಂದು ಗದರುವಳು. ಜೊತೆಗೆ ಹೋದ ನಾನು ಕೈ ಹಾಕಲು ಹಿಂಜರಿದರೆ, "ಎದ್ರುಕೊಂಡು ಕೈ ಇಕ್ಬಾರ್ದು ಕಣ್ಲಾ, ಅಸೂಗೂ ಗೊತ್ತಾಯ್ತದೆ" ಎನ್ನುವಳು. ನನಗೆ ಆ ಧೈರ್ಯ ಬರಲೇ ಇಲ್ಲ.

ಒಂದು ಸಲ ನಮ್ಮದೇ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಅಕ್ಕ ಹೊಟ್ಟೆಯೊಳಗೆ ಉಳಿದಿದ್ದ ಮಾಸನ್ನು ಬರಿಗೈಯಲ್ಲೇ ತೆಗೆದು, ಸತ್ತ ಕರುವಿನೊಂದಿಗೆ ಹೂತಳು. ಕೆಲವೇ ವಾರಗಳಲ್ಲಿ ಅವಳಿಗೆ ಜ್ವರ ಹತ್ತಿತು. ಬೆಳಿಗ್ಗೆ ಬಿಡುವುದು, ಸಂಜೆ ಏರುವುದು. ಸೀರೆ ಬೆವರಿನಲ್ಲಿ ತೊಯ್ದು, ಸೊಂಟ ಹಿಡಿದುಕೊಂಡು ಕೂರುವಳು.

ಮದ್ದೂರಿನ ಡಾಕ್ಟರು ಅವಳ ಬೆನ್ನು ಒತ್ತಿ ನೋಡಿ, "ಮನೇಲಿ ಹಸು ಇದಾವಾ? ಯಾವುದಾದ್ರೂ ಕಂದು ಹಾಕಿತ್ತಾ?" ಎಂದರು. ಬಾಗಿಲ ಬಳಿಯ ಬೆಂಚಿನಲ್ಲಿ ನಮ್ಮೂರ ಡೈರಿಯಲ್ಲಿ ಹಾಲು ಅಳೆಯುವವನು ಕುಳಿತಿದ್ದ. ಹಸುವಿಗೆ ರೋಗ ಎಂದು ಅವನ ಕಿವಿಗೆ ಬಿದ್ದರೆ ನಾಳೆಯಿಂದ ನಮ್ಮ ಹಾಲು ಹಾಕಿಸಿಕೊಳ್ಳುವುದಿಲ್ಲ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ, "ಇಲ್ಲ ಸಾ, ಅಂಥದ್ದೇನೂ ಆಗಿಲ್ಲ" ಎಂದೆ. ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಹೊರಗಿನವರ ಎದುರು ನನ್ನ ಮಾತು ತೆಗೆದುಹಾಕಿದವಳಲ್ಲ.

ಟೈಫಾಯ್ಡಿನ ರಕ್ತಪರೀಕ್ಷೆ ಮಾಡಿಸಿದರು. ಸ್ವಲ್ಪ ಇದೆ ಎಂದು ಬಂತು. ಮಾತ್ರೆ ಕೊಟ್ಟರು. ಜ್ವರ ಹೋಯಿತು, ಮತ್ತೆ ಬಂತು. ಬಂದಾಗಲೆಲ್ಲ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ, ಆ ಭಯ ಬಾಯಿ ಕಟ್ಟುತ್ತಿತ್ತು. ಕೊನೆಗೆ ಅಕ್ಕ ಬಿಂದಿಗೆ ಎತ್ತಲು ಹೋಗಿ, ಏದುಸಿರು ಬಿಡುತ್ತ ಅಲ್ಲೇ ಕುಸಿದಳು.

ಮಂಡ್ಯದ ಆಸ್ಪತ್ರೆಯಲ್ಲಿ ಯಾರೂ ಕೇಳುವ ಮೊದಲೇ ಹಸು ಕಂದು ಹಾಕಿದ್ದನ್ನು ಹೇಳಿದೆ. ಲ್ಯಾಬಿನಾಕೆ ಅಕ್ಕನ ರಕ್ತದ ತಿಳಿಯ ಒಂದು ಹನಿಗೆ ಗುಲಾಬಿ ಬಣ್ಣದ ಔಷಧಿ ಬೆರೆಸಿ ಮೆಲ್ಲಗೆ ಅಲ್ಲಾಡಿಸಿದಳು. "ಇದು ಗಂಟುಗಂಟಾದ್ರೆ ದನದಿಂದ ಬಂದಿರೋ ಜ್ವರ ಕಣಣ್ಣ. ಟೈಫಾಯ್ಡಿಗೂ ಇಂಗೇ ಗಂಟು ನೋಡೋದು. ಒಂದೊಂದ್ಸಲ ಆ ಟೆಸ್ಟು ಸುಳ್ಳೇಳ್ಬುಡ್ತದೆ" ಎಂದಳು. ಸುಳ್ಳು ಹೇಳಿದವನು ನಾನು ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಟಾದರೆ ಅಕ್ಕನನ್ನು ಈ ಗತಿಗೆ ತಂದವನು ನಾನೇ. ಆಗದಿದ್ದರೆ ಅವಳ ಕಾಯಿಲೆ ಏನೆಂದೇ ಗೊತ್ತಿಲ್ಲ. ದೇವರಲ್ಲಿ ಏನು ಬೇಡಬೇಕೋ ತಿಳಿಯದೆ ನಿಂತೆ. ಹನಿ, ಒಡೆದ ಹಾಲಿನ ಹಾಗೆ, ಗಂಟು ಕಟ್ಟಿತು.

ಸರಿಯಾದ ಮದ್ದು ಶುರುವಾಯಿತು. ಅಷ್ಟರಲ್ಲಿ ಕಾಯಿಲೆ ಹೃದಯ ಮುಟ್ಟಿತ್ತು. ಮೈಸೂರಿಗೆ ಸಾಗಿಸಿದರು. ಅಲ್ಲಿಂದ ಅಕ್ಕ ಜೀವಂತವಾಗಿ ಬರಲಿಲ್ಲ. ಈಗಲೂ ನನ್ನ ಮಕ್ಕಳ ಹಣೆ ಬೆಚ್ಚಗಿದ್ದರೆ ಡಾಕ್ಟರಿಗೆ ಮೊದಲು ಹಸುವಿನ ಸಂಗತಿಯನ್ನೇ ಹೇಳುತ್ತೇನೆ.

ಮೈಸೂರಿಗೆ ಹೋಗಲು ಮಂಡ್ಯದಲ್ಲಿ ಆಂಬುಲೆನ್ಸಿಗೆ ಕಾಯುತ್ತಿದ್ದಾಗ ಅಕ್ಕ ಉಸಿರು ಸಿಕ್ಕಷ್ಟು ಮಾತಾಡುತ್ತಿದ್ದಳು. "ಅಸೂಗೂ ರಕ್ತ ತೆಗ್ಸಿ ಟೆಸ್ಟ್ ಮಾಡ್ಸ್ಲಾ. ಆಲ್ನ ಚೆನ್ನಾಗಿ ಕಾಯಿಸ್ದೆ ಮಕ್ಳಿಗೆ ಕೊಡ್ಬ್ಯಾಡ." ಆಮೇಲೆ, "ಯಾಕ್ಲಾ, ಕರು ಕಳ್ಕೊಂಡ ಅಸದಂಗೆ ನಿಂತಿದ್ದೀಯ?" ಎಂದು ನಗಲು ನೋಡಿದಳು.

ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: "ಡೈರಿಯೋರು ಆಲು ಬ್ಯಾಡ ಅಂದ್ಬುಡ್ತಾರೆ ಅಂತ ಎದ್ರಿ ಡಾಕ್ಟ್ರಿಗೆ ಸುಳ್ಳೇಳ್ದೆ. ನಿನ್ನ ಸಾಯಾಕೆ ಬುಟ್ಟೆ. ತಪ್ಪಾಯ್ತು ಕಣಕ್ಕ, ತಪ್ಪಾಯ್ತು."