ಶೆಡ್ಡಿನ ಮೇಲಿನ ಫ್ಲೆಕ್ಸ್

ಬ್ರಾಹ್ಮಿಯ ಅಪ್ಪ, ಮಂಗಸೂಳಿಯ ಜಯಪಾಲ, ಬಾಯಿ ಸತ್ತ ಮನುಷ್ಯ. ದ್ರಾಕ್ಷಿ ತೋಟ, ಬಸದಿ, ಮನೆ ಇಷ್ಟರಲ್ಲೇ ಐವತ್ತೆರಡು ವರ್ಷ ಕಳೆದವನು. ಅಂಥವನು ಜನ್ಮದಲ್ಲಿ ಒಮ್ಮೆ ಮಾತ್ರ ಮೆರೆಯಲು ಹೋದ, ಅದೂ ಅವಸರ ಮಾಡಿ.

ಬ್ರಾಹ್ಮಿ ಪೈಲಟ್ ಆಗುವ ಆಸೆಯಿಂದ ವಾಯುಪಡೆಯ ಲಿಖಿತ ಪರೀಕ್ಷೆ ಬರೆದು ಪಾಸು ಮಾಡಿದ್ದಳು. ಮುಂದಿನ ಆಯ್ಕೆಗೆ ಮೈಸೂರಿಗೆ ಬರಲು ಪತ್ರ ಬಂತು. ಪತ್ರ ಬಂತೆಂದರೆ ನೌಕರಿಯೂ ಬಂದ ಹಾಗೆ ಎಂದೇ ಅಪ್ಪ ತಿಳಿದ. ಅವಳು ಮಿರಜದಲ್ಲಿ ರೈಲು ಹತ್ತಿದ ಮರುದಿನವೇ ಅಥಣಿಯಲ್ಲಿ ಹತ್ತು ಅಡಿಯ ಫ್ಲೆಕ್ಸ್ ಮಾಡಿಸಿ, ಊರ ಬಸ್ ನಿಲ್ದಾಣದ ಎದುರು ಕಟ್ಟಿಸಿದ. ನೀಲಿ ಆಕಾಶ, ಮೂರು ವಿಮಾನ, ನಡುವೆ ಮಗಳ ನಗುಮುಖ. ಕೆಳಗೆ ದಪ್ಪಕ್ಷರ: ‘ಭಾರತೀಯ ವಾಯುಪಡೆಗೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಮಗಳು ಬ್ರಾಹ್ಮಿ’.

ಮೈಸೂರಿನಲ್ಲಿ ಐದನೆಯ ದಿನ ಆಯ್ಕೆಯಾದವರ ನಂಬರ್ ಓದಿದರು. ಬ್ರಾಹ್ಮಿಯದು ಹದಿನೇಳು. ಹದಿನಾಲ್ಕು ಎಂದವರು ನೇರ ಇಪ್ಪತ್ತೊಂದು ಎಂದರು. ಎಲ್ಲಿ ತಪ್ಪಿತೆಂದು ಯಾರೂ ಹೇಳಲಿಲ್ಲ. ಫೋನಿನಲ್ಲಿ ತಿಳಿಸಲು ಧೈರ್ಯ ಸಾಲದೆ, ಅಪ್ಪನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಳು. ಬಸ್ಸಿನಿಂದ ಇಳಿದರೆ ಎದುರಿಗೆ ತಾನೇ ನಗುತ್ತ ನಿಂತಿದ್ದಾಳೆ!

ಕರೆದೊಯ್ಯಲು ಬಂದಿದ್ದ ಅಪ್ಪ ಅವಳ ಮುಖ ನೋಡಿದ, ಫ್ಲೆಕ್ಸ್ ನೋಡಿದ. ಚಹಾದಂಗಡಿಯ ಸ್ಟೂಲು ಎಳೆದುಕೊಂಡು ಹತ್ತಿ, ಹಗ್ಗ ಬಿಚ್ಚತೊಡಗಿದ.

“ಯಾಕ ಬಿಚ್ಚಾಕತ್ತೀರಿ ಅಣ್ಣಾರ?” ಅಂಗಡಿಯ ಮಲ್ಲೇಶ ಕೂಗಿದ.

“ಮೋಡ ಆಗೈತೆಪಾ. ದ್ರಾಕ್ಷಿ ಒಣಸೂ ಶೆಡ್ಡಿಗೆ ತಾಡಪತ್ರಿ ಸಾಲವಲ್ದು.”

ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ.

ಫ್ಲೆಕ್ಸ್ ಶೆಡ್ಡಿನ ತಗಡಿನ ಮೇಲೆ ಮುಖ ಕೆಳಗಾಗಿ ಮಲಗಿತು. “ಎಂದ ಹೊಂಟಿ ಮಿಲ್ಟ್ರಿಗೆ?” ಎಂದು ಕೇಳುವವರ ಕಣ್ಣು ತಪ್ಪಿಸಿ ಬ್ರಾಹ್ಮಿ ತೋಟದ ಹಿಂದಿನ ದಾರಿ ಹಿಡಿದಳು. ಹಾರುವುದು ವಾಯುಪಡೆಯವರೊಬ್ಬರ ಸ್ವತ್ತಲ್ಲವಲ್ಲ ಎಂದು ಅವಳಿಗೆ ಹೊಳೆಯಲು ಐದು ತಿಂಗಳು ಬೇಕಾಯಿತು. ಪ್ರಯಾಣಿಕರ ವಿಮಾನದ ಪೈಲಟ್ ಆಗಲು ಕಲಿಸುವ ಶಾಲೆಯೊಂದನ್ನು ಮಹಾರಾಷ್ಟ್ರದಲ್ಲಿ ಹುಡುಕಿ, ಅಪ್ಪನ ಮುಂದೆ ನಿಂತಳು.

“ಕಲೀತೇನಿ ಅಪ್ಪಾ. ಆದ್ರ ಈ ಸಲ ಫ್ಲೆಕ್ಸ್ ಬ್ಯಾಡ.”

ಅಪ್ಪನ ಮುಖ ಸಣ್ಣದಾಯಿತು. “ಇಲ್ಲವ್ವಾ. ಯಾರ ಮುಂದೂ ತುಟಿ ಪಿಟಕ್ ಅನ್ನಂಗಿಲ್ಲ.”

ಇಷ್ಟು ದಿನ ಅಪ್ಪನೂ ತಪ್ಪಿತಸ್ಥನಂತೆ ಬದುಕಿದ್ದನೆಂದು ಅವಳಿಗೆ ಆಗ ತಿಳಿಯಿತು.

ಶಾಲೆಯಲ್ಲಿ ಎಲ್ಲ ಬಂತು, ವಿಮಾನ ಇಳಿಸುವುದೊಂದು ಬರಲಿಲ್ಲ. ನೆಲ ಹತ್ತಿರವಾದೊಡನೆ ಕೈ ಬಿಗಿಯುತ್ತಿತ್ತು, ವಿಮಾನ ಕುಪ್ಪಳಿಸುತ್ತಿತ್ತು. ಜೊತೆಯವರೆಲ್ಲ ಗುರುಗಳಿಲ್ಲದೆ ಒಬ್ಬೊಬ್ಬರೇ ಹಾರಿ ಬಂದರು. ಬ್ರಾಹ್ಮಿಯ ಸರದಿಯನ್ನು ಗುರುಗಳು ಮೂರು ಸಲ ಮುಂದೂಡಿದರು. ಮತ್ತೆ ಹದಿನೇಳನೆಯ ನಂಬರೇ ಆದೆನಲ್ಲ ಎಂದು ಅತ್ತಳು. ಅಪ್ಪ ದಿನಾ ಫೋನ್ ಮಾಡಿ “ಹೊತ್ತ ಮುಳುಗೂದ್ರಾಗ ಉಂಡ್ಯಾ?” ಎಂದು ಜೈನರ ಮನೆಯ ನೇಮ ವಿಚಾರಿಸುತ್ತಿದ್ದನೇ ಹೊರತು ವಿಮಾನದ ಹೆಸರೆತ್ತುತ್ತಿರಲಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ ಗುರುಗಳು ವಿಮಾನದಿಂದ ಕೆಳಗಿಳಿದು, ಹೊರಗಿನಿಂದ ಬಾಗಿಲು ಹಾಕಿ, ಹೋಗು ಎಂದು ಕೈ ಮಾಡಿದರು. ಬ್ರಾಹ್ಮಿ ಒಬ್ಬಳೇ ಏರಿದಳು, ಒಂದು ಸುತ್ತು ಹಾಕಿದಳು, ಇಳಿದಳು. ಒಂದೇ ಒಂದು ಸಣ್ಣ ಕುಪ್ಪಳಿಕೆ, ಅಷ್ಟೇ.

ಆ ವಾರ ಊರಿಗೆ ಬಂದರೆ ಬಸ್ ನಿಲ್ದಾಣದ ಎದುರು ಬರೀ ಕಂಬ. ಅಪ್ಪ ಕೊಟ್ಟ ಮಾತು ಉಳಿಸಿಕೊಂಡಿದ್ದ. ನಿಜ ಹೇಳಬೇಕೆಂದರೆ ಅವಳಿಗೆ ಚೂರು ಬೇಜಾರೇ ಆಯಿತು.

ಅಪ್ಪ ಅವಳನ್ನು ನೇರ ತೋಟಕ್ಕೆ ಕರೆದೊಯ್ದು, ಶೆಡ್ಡಿಗೆ ಆನಿಸಿದ್ದ ಏಣಿ ತೋರಿಸಿದ. ಹತ್ತಿ ನೋಡಿದಳು. ಫ್ಲೆಕ್ಸ್ ಅಂಗಾತ ಮಲಗಿತ್ತು, ತೊಳೆದು ಸ್ವಚ್ಛ ಮಾಡಿ, ನಾಲ್ಕು ಮೂಲೆಗೆ ಕಲ್ಲಿಟ್ಟು. ಕೆಳಗಿನ ಅಕ್ಷರಗಳ ಮೇಲೆ ಬಿಳಿ ಬಣ್ಣ ಬಳಿದಿತ್ತು. ‘ನಮ್ಮೂರ ಹೆಮ್ಮೆಯ ಮಗಳು ಬ್ರಾಹ್ಮಿ’ ಎಂಬಷ್ಟನ್ನು ಮಾತ್ರ ಬಿಟ್ಟಿದ್ದ.

“ಮಂದಿಗೆ ಕಾಣಂಗಿಲ್ಲವ್ವಾ,” ಅಪ್ಪ ಕೆಳಗಿನಿಂದ ಗಡಿಬಿಡಿಯಲ್ಲಿ ಹೇಳಿದ. “ನೀ ಮ್ಯಾಲಿಂದ ಹೊಂಟಾಗ ನಮ್ಮ ತ್ವಾಟ ಗುರ್ತ ಸಿಗ್ಲಿ ಅಂತ ಹಾಸೇನಿ. ಅಲ್ಲಿಂದ ಕಾಣಸ್ತೈತಲ್ಲಾ?”

ಅಷ್ಟೆತ್ತರದಿಂದ ಇಡೀ ತೋಟವೇ ಒಂದು ಕರವಸ್ತ್ರದಷ್ಟು. ಬ್ರಾಹ್ಮಿ ಕಣ್ಣೊರೆಸಿಕೊಂಡಳು.

“ಕಾಣಸ್ತೈತಿ ಅಪ್ಪಾ. ಎಲ್ಲಾಕ್ಕಿಂತ ಮೊದ್ಲ ಅದ ಕಾಣಸ್ತೈತಿ.”